ಹೊನ್ನೆ ಗಿಡಕ್ಕೆ ಹಾಕದ ನೀರು

ಕಳೆದ ವಾರ ಸೇಡಂನಲ್ಲಿ ಬಂಧುಗಳ ಮದುವೆಗೆ ಹೋಗಿದ್ದೆ. ಕೈ ತೊಳೆಯಲು ಹಿತ್ತಲಿಗೆ ಹೋದರೆ ಇಬ್ಬರು ಹೆಂಗಸರು ದೊಡ್ಡ ಪಾತ್ರೆಗಳಿಗೆ ಬೂದಿ ಹಚ್ಚಿ ತಿಕ್ಕುತ್ತಿದ್ದರು. ಒದ್ದೆ ಬೂದಿಯ ಆ ವಾಸನೆ... ಚಿತ್ತಾಪುರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ನರ್ಸಬಾಯಿ ಕಣ್ಮುಂದೆ ಬಂದು ನಿಂತರು.

ಅದು ಎಪ್ಪತ್ತರ ದಶಕ. ನಾನು ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ಅವರು ಚಿಂಚೋಳಿ ಕಡೆಯ ದವಾಖಾನೆಗಳಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ಓಣಿಯ ಕೊನೆಗೆ ಹೈಸ್ಕೂಲಿನ ಸಸ್ಯತೋಟವಿತ್ತು. ವಿಜ್ಞಾನದ ಮಾಸ್ತರರೊಬ್ಬರು ಈ ಸೀಮೆಯ ಗಿಡಮರಗಳನ್ನೆಲ್ಲ ಒಂದೆಡೆ ಬೆಳೆಸಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಚೂರುಗಳ ಮೇಲೆ ಹೆಸರು ಬರೆಸಿ ನೆಟ್ಟಿದ್ದರು. ಅವರಿಗೆ ವರ್ಗವಾದ ಮೇಲೆ ತೋಟಕ್ಕೆ ಯಾರೂ ದಿಕ್ಕಿರಲಿಲ್ಲ. ಯಾರೂ ಕರೆಯದೆ ನರ್ಸಬಾಯಿ ದಿನಾ ಬೆಳಿಗ್ಗೆ ಹೋಗಿ ಕಳೆ ಕೀಳತೊಡಗಿದರು.

ಶಾಲೆಯ ಬಾವಿ ನೀರು ಮಕ್ಕಳು ಕುಡಿಯಲಷ್ಟೇ ಎಂದು ಹೆಡ್‌ಮಾಸ್ತರರು ಹೇಳಿದಾಗ ನರ್ಸಬಾಯಿ ಜಗಳ ಮಾಡಲಿಲ್ಲ. ಓಣಿಯ ಮನೆಗಳಿಗೆ ಬಂದರು.

“ಅಕ್ಕೋರೆ, ಭಾಂಡಿ ತೊಳದ ನೀರು ಚೆಲ್ಲಬ್ಯಾಡ್ರಿ. ಸಾಬಾಣ ಬಿಟ್ಟು ಬೂದಿ ಹಚ್ರಿ. ಆ ನೀರು ಗಿಡಕ್ಕ ನಡೀತದ.”

ಅವರ ಬದುಕೇ ಹಾಗಿತ್ತು. ಹಳೆಯ ಸೀರೆ ಮೊದಲು ಚೀಲ, ಆಮೇಲೆ ಒರೆಸುವ ಬಟ್ಟೆ, ಕೊನೆಗೆ ಎಳೆ ಸಸಿಗಳಿಗೆ ನೆರಳು. ಅವರ ಮನೆಯಿಂದ ಕಸವೆಂದು ಹೊರಗೆ ಬಿದ್ದದ್ದನ್ನು ನಾನು ನೋಡಲೇ ಇಲ್ಲ. ನನಗೂ ಅದರ ಹುಚ್ಚು ಹಿಡಿಯಿತು. ಭಾನುವಾರಗಳಂದು ಕೊಡ ಹೊತ್ತು ಅವರ ಹಿಂದೆ ಹೋಗತೊಡಗಿದೆ.

ತೋಟದಲ್ಲಿ ಅವರ ಜೀವವಿದ್ದದ್ದು ಒಂದು ಹೊನ್ನೆ ಸಸಿಯ ಮೇಲೆ. ಚಿಂಚೋಳಿ ಅಡವಿಯಿಂದ ತಂದ ಹಿಡಿ ಬೀಜದಲ್ಲಿ ಅದೊಂದೇ ಬದುಕಿ, ಮೊಣಕಾಲೆತ್ತರ ಬಂದಿತ್ತು.

ಒಂದು ಬೇಸಿಗೆಯಲ್ಲಿ ಕಣ್ಣಿನ ಆಪರೇಷನ್‌ಗೆಂದು ಅವರು ಗುಲಬರ್ಗಾಕ್ಕೆ ಹೊರಟರು. “ಹದಿನೈದು ದಿನ ಅಷ್ಟೇ. ಉಳಿದವು ಹ್ಯಾಂಗರ ತಡೀತಾವ. ಹೊನ್ನಿಗೆ ಮಾತ್ರ ದಿನಾ ಎರಡು ಚರಗಿ ಹಾಕ್ರಿ” ಎಂದರು. ಎರಡು ತಂಬಿಗೆ ನೀರು ತಾನೆ, ಹೂಂ ಎಂದೆ.

ನಾಲ್ಕು ದಿನ ಹಾಕಿದೆ. ಐದನೆಯ ದಿನ ಮಗಳಿಗೆ ಜ್ವರ. ಆಮೇಲೆ ಶಾಲೆಯ ಪರೀಕ್ಷೆ, ಅತ್ತೆಯವರ ಕಾಲುನೋವು, ನಲ್ಲಿಯ ಸಾಲು. ಸಂಜೆ ಕೊಡದ ಕಡೆ ನೋಡಿದರೇ ತೋಳು ಸೋಲುತ್ತಿತ್ತು. ನಾಳೆ ಹಾಕಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೆಯೇ ಅಂದುಕೊಂಡೆ...

ಅವರು ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಬಂದವರು, ಮನೆಯ ಬೀಗವನ್ನೂ ತೆಗೆಯದೆ ನನ್ನ ಕೈ ಹಿಡಿದು ನೇರ ತೋಟಕ್ಕೆ ನಡೆದರು. ಸಸಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕಾಂಡವನ್ನು ತಡವಿದರು.

“ನೀರು ಹಾಕಿದ್ರೇನ್ರಿ?”

“ದಿನಾ ಹಾಕೀನ್ರಿ. ಬಿಸಲು ಭಾಳ ಇತ್ತು.”

ಅವರು ಉಗುರಿನಿಂದ ತೊಗಟೆ ಕೆರೆದು, ಬಟ್ಟೆ ಸರಿಸಿ, ಆಪರೇಷನ್ ಆಗದ ಇನ್ನೊಂದು ಕಣ್ಣನ್ನು ಹತ್ತಿರ ಒಯ್ದು ನೋಡಿದರು. ಒಳಗೆಲ್ಲೂ ಹಸಿರಿರಲಿಲ್ಲ. ಬುಡದ ಮಣ್ಣನ್ನು ಮುಟ್ಟಿದರು. ಅದು ಹೆಂಚಿನಂತೆ ಗಟ್ಟಿಯಾಗಿತ್ತು.

“ದಣದಿದ್ರ ದಣದೀನಿ ಅನ್ರಿ, ಅಕ್ಕೋರೆ. ನಾನೂ ದಣದೀನಿ. ಅದರಾಗ ತಪ್ಪೇನದ?”

ಅವರು ಮತ್ತೆ ಆ ಮಾತು ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ಬಂದು ಪಾತ್ರೆ ತೊಳೆದ ನೀರು ಕೇಳಿದರು. ಮಳೆ ಬಿದ್ದ ಮೇಲೆ ಯಾರಿಂದಲೋ ಹೊನ್ನೆಯ ಬೀಜ ತರಿಸಿ ಇಬ್ಬರೂ ಸೇರಿ ಊರಿದೆವು. ಎರಡು ಮಳೆಗಾಲ ಕಾದೆವು. ಒಂದೂ ಮೊಳೆಯಲಿಲ್ಲ.

ನನಗೆ ವಾಡಿಗೆ ವರ್ಗವಾದ ದಿನ ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದರು. “ಆ ಹೊನ್ನಿ ಗಿಡದ್ದು...” ಎಂದು ಬಾಯಿ ತೆರೆದೆ.

“ಬಸ್ ಬಂತು, ಹತ್ರಿ. ಜಾಗ ಸಿಗಂಗಿಲ್ಲ” ಎಂದು ನನ್ನ ಚೀಲವನ್ನು ಕಿಟಕಿಯೊಳಗೆ ತೂರಿಸಿದರು.

ಅವರು ತೀರಿಕೊಂಡ ಸುದ್ದಿ ಎಷ್ಟೋ ತಿಂಗಳ ಮೇಲೆ ಸಿಕ್ಕಿತು. ತೋಟದ ಜಾಗದಲ್ಲೀಗ ಶಾಲೆಯ ಕೋಣೆಗಳೆದ್ದಿವೆ. ನನಗೀಗ ಅಂದಿನ ಅವರ ವಯಸ್ಸೂ ದಾಟಿದೆ, ಮಂಡಿನೋವು ಬೇರೆ. ದಣಿದಿದ್ದೇನೆ ಎಂದು ಮನೆಮಂದಿಯ ಮುಂದೆ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಹೇಳಬೇಕಾಗಿದ್ದ ಒಬ್ಬರಿಗೆ, ಅಂದು ಒಂದು ಸಲವೂ ಹೇಳಲಾಗಲಿಲ್ಲ.