ಕಿರುಬೆರಳಿನ ಅಕ್ಷರ

ಹೋದ ವಾರ ಮೈಸೂರಿನ ಬನ್ನಿಮಂಟಪದ ಒಂದು ಸಮುದಾಯ ಭವನಕ್ಕೆ ನನ್ನನ್ನು ಮುಖ್ಯ ಅತಿಥಿ ಅಂತ ಕರೆದುಕೊಂಡು ಹೋಗಿದ್ದರು. ಬಡಾವಣೆಯ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಕಲಿಸಿ ಕೆಲಸಕ್ಕೆ ಸೇರಿಸುವ ಸಂಘವಂತೆ. ಹಿಂದಿನ ಕಾಲ ಹೇಗಿತ್ತು ಅಂತ ಮಕ್ಕಳಿಗೆ ತೋರಿಸುವುದಕ್ಕೆ ವೇದಿಕೆಯ ಪಕ್ಕ ಒಂದು ಹಳೆಯ ಟೈಪ್‌ರೈಟರ್ ಇಟ್ಟಿದ್ದರು. ಯಾರೋ ಪುಣ್ಯಾತ್ಮ ಅದಕ್ಕೆ ಹೊಸ ರಿಬ್ಬನ್ ಹಾಕಿಸಿ ಎಣ್ಣೆ ಬಿಟ್ಟಿದ್ದ. ಹತ್ತಿರ ಹೋದೆ. ಮಸಿ, ಎಣ್ಣೆ ಎರಡೂ ಬೆರೆತ ಆ ವಾಸನೆ ಮೂಗಿಗೆ ಬಡಿಯಿತು ನೋಡಿ... ಹಾಕಿದ್ದ ಹಾರವನ್ನು ತೆಗೆದು ಕುರ್ಚಿಯ ಮೇಲಿಟ್ಟೆ.

ಅದು ನಮ್ಮ ಟೈಪ್ ಮೇಷ್ಟ್ರ ವಾಸನೆ. ಅವರ ಕೋಟಿನ ತೋಳಿನಿಂದ ಯಾವಾಗಲೂ ಅದೇ ವಾಸನೆ ಬರುತ್ತಿತ್ತು.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಮೇಟಗಳ್ಳಿ ಕಡೆ ಹೊಸದಾಗಿ ಒಂದು ಕಾರ್ಖಾನೆ ಎದ್ದಿತ್ತು. ನಮ್ಮ ಸೋದರಮಾವ ಮತ್ತು ಅವರಂಥ ನಾಲ್ಕಾರು ಹಿರಿಯರು ಸೇರಿ ಯುವಕರ ಏಳಿಗೆಗೆ ಅಂತ ಒಂದು ಸಂಘ ಕಟ್ಟಿದರು. ಚರ್ಚಿನವರು ತಮ್ಮ ಹಿಂಬದಿಯ ಹಾಲ್ ಬಿಟ್ಟುಕೊಟ್ಟರು, ಸಂಘದವರು ಆರು ಟೈಪ್‌ರೈಟರ್ ತಂದಿಟ್ಟರು, ಪ್ರತಿ ತಂಡದಲ್ಲಿ ಒಬ್ಬರಿಗೆ ಗುಮಾಸ್ತೆ ಕೆಲಸ ಕೊಡುತ್ತೇವೆ ಅಂತ ಕಾರ್ಖಾನೆಯವರು ಒಪ್ಪಿಕೊಂಡರು. ಎಲ್ಲರೂ ಕೈ ಜೋಡಿಸಿದ ಕೆಲಸ. ಉದ್ಘಾಟನೆಯ ದಿನ ಸಂಘದ ಕಾರ್ಯದರ್ಶಿಯಾದ ಮಾವ ಭಾಷಣ ಮಾಡಿದರು. ಜಾತಿಯಿಲ್ಲ, ಶಿಫಾರಸಿಲ್ಲ, ಬೆರಳಿನ ಯೋಗ್ಯತೆಯೊಂದೇ ಇಲ್ಲಿ ಲೆಕ್ಕಕ್ಕೆ ಅಂದರು. ನಾನೂ ಚಪ್ಪಾಳೆ ತಟ್ಟಿದೆ. ಈಗ ನೆನೆಸಿಕೊಂಡರೆ ಥೂ ಅನ್ನಿಸುತ್ತದೆ.

ಮೇಷ್ಟ್ರು ಚರ್ಚಿನ ಹಿಂದಿನ ಬೀದಿಯವರು. ತಲೆತಲಾಂತರದಿಂದ ಮೈಸೂರಿನಲ್ಲೇ ನೆಲೆಸಿದ ಕ್ಯಾಥೊಲಿಕ್ ಮನೆತನ. ಅಗಸೆ ಹೂವಿನ ಹಾಗೆ ಬಿಳಿಚಿದ ಸಣಕಲು ಮನುಷ್ಯ, ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಕೀಲಿಗಳನ್ನು ನೋಡಿ ಹೊಡೆಯಬಾರದು ಅಂತ ನಮ್ಮ ಕೈಗಳ ಮೇಲೆ ರಟ್ಟಿನ ಮುಚ್ಚಳ ಇಡುತ್ತಿದ್ದರು. ನಾವು ಟೈಪ್ ಮಾಡಿದ ಹಾಳೆಯನ್ನು ಓದುವ ಮೊದಲು ತಿರುವಿ ಹಾಕಿ, ಅದರ ಬೆನ್ನನ್ನು ಕಣ್ಣು ಮುಚ್ಚಿ ಬೆರಳಿನಿಂದ ಸವರುತ್ತಿದ್ದರು. ಅಚ್ಚು ಎಲ್ಲಿ ಆಳವಾಗಿ ಕೂತಿದೆ, ಎಲ್ಲಿ ಇಲ್ಲ ಅನ್ನುವುದು ಅವರಿಗೆ ಅಷ್ಟರಲ್ಲೇ ತಿಳಿಯುತ್ತಿತ್ತು.

ನನ್ನ ಹಾಳೆ ಸವರಿದಾಗಲೆಲ್ಲ ಅವರ ಹುಬ್ಬು ಗಂಟಾಗುತ್ತಿತ್ತು. ನಮ್ಮೂರು ಹಿನಕಲ್‌ನಲ್ಲಿ ಚಿಕ್ಕಂದಿನಲ್ಲಿ ಹುಲ್ಲು ಕೊಯ್ಯುವಾಗ ಕುಡುಗೋಲು ತಗುಲಿ ನನ್ನ ಎಡಗೈ ಕಿರುಬೆರಳು ಸೊಟ್ಟಗಾಗಿತ್ತು. ಇಂಗ್ಲಿಷಿನ ಎ ಅಕ್ಷರ ಹೊಡೆಯಬೇಕಾದದ್ದು ಅದೇ ಬೆರಳು. ಎಷ್ಟು ಒತ್ತಿದರೂ ನನ್ನ ಎ ಮಸುಕು ಮಸುಕು. ಮೇಷ್ಟ್ರು ದಿನಾ ಬೆಳಿಗ್ಗೆ ಬಂದವರೇ, "ಕಿರುಬೆರಳು ಹೆಂಗಿದೆ ಮಗಾ?" ಅಂತ ಕೇಳಿ, ಎರಡು ನಿಮಿಷ ಅದನ್ನು ನೀವಿ, ಆಮೇಲೆ ಪಾಠ ಶುರು ಮಾಡುತ್ತಿದ್ದರು. ನಮ್ಮಪ್ಪ ಕೂಡ ಆ ಬೆರಳನ್ನು ಅಷ್ಟು ವಿಚಾರಿಸಿಕೊಂಡವನಲ್ಲ.

ನಮ್ಮ ತಂಡದಲ್ಲಿ ಒಬ್ಬಳೇ ಹುಡುಗಿ, ಬಳೆ ಅಂಗಡಿಯವರ ಮಗಳು. ಅವಳ ಕೈ ಓಡಿದರೆ ಹಾಲ್‌ನಲ್ಲಿ ಮಿಕ್ಕವರು ಸುಮ್ಮನೆ ಕೂತು ಕೇಳುತ್ತಿದ್ದೆವು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಹೆಂಡತಿ ಸತ್ತ, ನಲವತ್ತು ದಾಟಿದ ನಂಟನೊಬ್ಬನಿಗೆ ಅವಳನ್ನು ಕೊಡುವ ಮಾತು ಮನೆಯಲ್ಲಿ ನಡೆದಿತ್ತು. ಕೆಲಸ ಸಿಕ್ಕಿದರೆ ಮಾತ್ರ ಆ ಮದುವೆಯ ಮಾತು ಕೈಬಿಡುತ್ತೇನೆ ಅಂತ ಅವಳಪ್ಪ ಮೇಷ್ಟ್ರ ಮುಂದೆ ಒಪ್ಪಿದ್ದ. ಇದು ನಮಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಪರೀಕ್ಷೆ ನಡೆಯಿತು. ಹಾಳೆಯ ಮೇಲೆ ಹೆಸರು ಬರೆಯುವ ಹಾಗಿಲ್ಲ, ನಂಬರಿನ ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಬೇಕು. ನನ್ನದು ಮೂರು, ಅವಳದು ಐದು. ಹಾಳೆಗಳನ್ನು ಕಾರ್ಖಾನೆಗೆ ಮುಟ್ಟಿಸುವ ಜವಾಬ್ದಾರಿ ಕಾರ್ಯದರ್ಶಿಯದು. ಅಂದು ಸಂಜೆ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮುದ್ದೆ ಮುರಿಯುತ್ತಾ ಮಾವ ನಕ್ಕರು.

"ಕೆಲ್ಸ ನಿಂದೇ ಕಣೋ. ಚೀಟಿ ಅದ್ಲು ಬದ್ಲು ಮಾಡ್ಬುಟ್ಟೆ."

"ಮೇಷ್ಟ್ರಿಗೆ ಗೊತ್ತಾಗ್ಬುಡ್ತದೆ ಮಾವ," ಅಂದೆ.

"ಎಂಗ್ಲಾ ಗೊತ್ತಾಯ್ತದೆ? ಕೈಬರಹ ಆದ್ರೆ ಗುರುತು ಇಡೀಬೋದು. ಮಿಷಿನ್‌ನಲ್ಲಿ ಹೊಡ್ದದ್ದು ಎಲ್ಲಾ ಒಂದೇ ತರ ಅಲ್ವಾ? ಸುಮ್ಕೆ ಉಣ್ಣು."

ಉಂಡೆ. ಎರಡನೆಯ ಸಲ ಸಾರೂ ಹಾಕಿಸಿಕೊಂಡೆ. ಇವತ್ತಿಗೂ ನನಗೆ ಹೇಸಿಗೆ ಹುಟ್ಟಿಸುವುದು ಆ ಎರಡನೆಯ ಸಲದ ಸಾರು. ಮೊದಲನೆಯದಕ್ಕೆ ಹಸಿವು ಅನ್ನಬಹುದು...

ಹತ್ತು ದಿನಕ್ಕೆ ಕಾರ್ಖಾನೆಯಿಂದ ಕಾಗದ ಬಂತು, ಜೊತೆಯಲ್ಲಿ ಹಾಳೆಗಳೂ ವಾಪಸು ಬಂದವು. ಹಾಲ್‌ನಲ್ಲಿ ಸಂಘದವರೆಲ್ಲ ಸೇರಿದ್ದರು. ನಂಬರ್ ಮೂರು ಆಯ್ಕೆ ಅಂತ ಮಾವ ಓದಿದರು. ನನ್ನ ಕೈಗೆ ನಿಂಬೆಹಣ್ಣು ಕೊಟ್ಟರು. ಬಳೆ ಅಂಗಡಿಯವರ ಮಗಳು ತನ್ನ ಮೆಷಿನ್ ಪಕ್ಕ ನಿಂತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ. ಮೇಷ್ಟ್ರು ನಗುನಗುತ್ತಲೇ ಬಂದು ನನ್ನ ಬೆನ್ನು ತಟ್ಟಿ, ಆಯ್ಕೆಯಾದ ಹಾಳೆಯನ್ನು ಕೈಗೆತ್ತಿಕೊಂಡರು. ಅಭ್ಯಾಸಬಲ, ಹಾಳೆ ತಿರುವಿ ಕಣ್ಣು ಮುಚ್ಚಿದರು. ಬೆರಳು ಒಂದು ಸಾಲು ಹೋಯಿತು, ಎರಡನೆಯ ಸಾಲಿನ ನಡುವೆ ನಿಂತುಬಿಟ್ಟಿತು.

ಕಣ್ಣು ತೆರೆದು ಮೊದಲು ಅವಳನ್ನು ನೋಡಿದರು, ಆಮೇಲೆ ನನ್ನನ್ನು.

"ಇದು ನಿಂದಾ ಮಗಾ?"

ನಾನು ಮಾವನ ಕಡೆ ನೋಡಿದೆ. ಮಾವ ಮೀಸೆಯ ಮೇಲೆ ಕೈಯಾಡಿಸುತ್ತಿದ್ದರು.

"ನಂದೇ ಸಾರ್."

"ಅಂಗಾದ್ರೆ ಕೂತ್ಕೊಂಡು ಒಂದೇ ಒಂದು ಲೈನ್ ಹೊಡಿ. ಮೊದಲ್ನೇ ಪಾಠದ್ದು, ಎ ಎಸ್ ಡಿ ಎಫ್. ಅಷ್ಟೇ ಸಾಕು."

ಒಂದು ಸಾಲು. ಹೊಡೆದಿದ್ದರೆ ಮುಗಿಯುತ್ತಿತ್ತು. ಅವಳಿಗೆ ಕೆಲಸ ಸಿಗುತ್ತಿತ್ತು, ನಾನು ಹಿನಕಲ್‌ಗೆ ಹೋಗಿ ನೇಗಿಲು ಹಿಡಿಯುತ್ತಿದ್ದೆ, ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ನಾನು ಎಡಗೈಯನ್ನು ಮೆಲ್ಲಗೆ ಚಡ್ಡಿಯ ಜೇಬಿಗೆ ತುರುಕಿದೆ.

ಅಷ್ಟರಲ್ಲಿ ಮಾವ ಎದ್ದರು. "ಅದ್ಯಾಕ್ ಮೇಷ್ಟ್ರೇ ಆ ಹುಡ್ಗಿ ಮ್ಯಾಲೆ ನಿಮ್ಗೆ ಅಷ್ಟೊಂದು ಅಕ್ಕರೆ? ಬೀದೀಲಿ ಜನ ಏನ್ ಮಾತಾಡ್ತಾವ್ರೆ ಅಂತ ಗೊತ್ತಾ?" ಅಂದರು.

ಬೀದಿಯಲ್ಲಿ ಯಾರೂ ಏನೂ ಮಾತಾಡಿರಲಿಲ್ಲ. ಆ ಹೊಲಸು ಮಾವನ ಬಾಯಲ್ಲೇ ಹುಟ್ಟಿದ್ದು, ನನ್ನ ಕಣ್ಣೆದುರಿಗೇ. ಸಂಘದ ದೊಡ್ಡ ಮನುಷ್ಯರೆಲ್ಲ ಟೋಪಿ ಸರಿಮಾಡಿಕೊಂಡು ನೆಲ ನೋಡಿದರು. ಎಲ್ಲ ಕುಲದವರೂ, ಎಲ್ಲ ಕಸುಬಿನವರೂ ಇದ್ದರು ಅಲ್ಲಿ. ಬಾಯಿ ಮುಚ್ಚಿಕೊಳ್ಳುವುದರಲ್ಲಿ ಎಂಥ ಒಗ್ಗಟ್ಟು ಅಂತೀರಿ! ಮೇಷ್ಟ್ರ ಮುಖ ಕಪ್ಪಿಟ್ಟಿತು.

"ಬುಟ್ಬುಡಿ ಸಾರ್," ಅಂದಳು ಹುಡುಗಿ. ತನ್ನ ಛತ್ರಿ ತೆಗೆದುಕೊಂಡು ಹೊರಟುಹೋದಳು. ನನ್ನ ಪಕ್ಕದಲ್ಲೇ ಹಾದುಹೋದಳು, ನನ್ನನ್ನು ನೋಡಲಿಲ್ಲ.

ಮೇಷ್ಟ್ರು ಆರೂ ಮೆಷಿನ್‌ಗಳಿಗೆ ಒಂದೊಂದಾಗಿ ಬಟ್ಟೆಯ ಹೊದಿಕೆ ಹಾಕಿದರು. ನನ್ನ ಮೆಷಿನ್ ಹತ್ತಿರ ಬಂದಾಗ ಅದರ ಎ ಕೀಲಿಯ ಮೇಲಿದ್ದ ದೂಳನ್ನು ಕರವಸ್ತ್ರದಿಂದ ಒರೆಸಿ, ಆಮೇಲೆ ಹೊದಿಸಿದರು. ಹಾಲ್‌ನ ಬೀಗದಕೈಯನ್ನು ಮೇಜಿನ ಮೇಲಿಟ್ಟರು. ಮತ್ತೆ ಅವರು ಆ ಹಾಲ್‌ಗೆ ಕಾಲಿಡಲಿಲ್ಲ. ಆ ಮಾತು ಊರೆಲ್ಲ ಸುತ್ತಿ ಬಂದಮೇಲೆ ಬೇರೆ ಯಾರೂ ಅವರನ್ನು ಹೆಣ್ಣುಮಕ್ಕಳಿರುವ ಕಡೆ ಪಾಠಕ್ಕೆ ಕರೆಯಲಿಲ್ಲ. ಅದೇ ವರ್ಷ ಬಳೆ ಅಂಗಡಿಯವರ ಮಗಳ ಮದುವೆಯೂ ಆಯಿತು, ಅದೇ ನಂಟನ ಜೊತೆ. ಊಟಕ್ಕೆ ಮಾವ ಹೋಗಿ ಬಂದು, ಹೋಳಿಗೆ ಚೆನ್ನಾಗಿತ್ತು ಅಂದರು.

ನಾನು ಕಾರ್ಖಾನೆಗೆ ಸೇರಿದೆ. ಮೇಲೆ ಮೇಲೆ ಏರಿದೆ. ನನ್ನ ಕೆಳಗೆ ಟೈಪ್ ಮಾಡುವವರು ಬಂದದ್ದರಿಂದ ನನ್ನ ಎ ಹೇಗಿದೆ ಅಂತ ಯಾರೂ ನೋಡಬೇಕಾಗಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಕೋರ್ಟಿನ ಮುಂದೆ ಹೋಗುತ್ತಿದ್ದೆ. ಮರದ ಕೆಳಗೆ ಮೇಷ್ಟ್ರು ಕೂತಿದ್ದರು, ಮೊಣಕಾಲೆತ್ತರದ ಪೆಟ್ಟಿಗೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಹಳ್ಳಿಯವರ ಅರ್ಜಿ ಹೊಡೆಯುತ್ತಿದ್ದರು. ಕೋಟು ಅದೇ. ನಾನು ರಸ್ತೆಯ ಆಚೆ ಬದಿಗೆ ದಾಟಲು ನೋಡಿದೆ. ಟಾಂಗಾ ಅಡ್ಡ ಬಂತು.

"ಕಿರುಬೆರಳು ಹೆಂಗಿದೆ ಮಗಾ?" ಅಂದರು, ಕೈ ನಿಲ್ಲಿಸದೆ.

ಚುಚ್ಚಿದರೋ, ನಿಜವಾಗಿ ಕೇಳಿದರೋ... ಅವರು ಚುಚ್ಚುವ ಜಾತಿಯವರಲ್ಲ. ಅದೇ ನನಗೆ ತಡೆಯಲಾಗದ್ದು. ಚೆನ್ನಾಗಿದೆ ಸಾರ್ ಅಂತ ಹೇಳಿ ಓಡಿದೆ. ಅವರು ತೀರಿಕೊಂಡದ್ದು ನನಗೆ ಗೊತ್ತಾದಾಗ ಮಣ್ಣು ಮಾಡಿ ತಿಂಗಳಾಗಿತ್ತು. ನಾನು ಕ್ಷಮೆ ಕೇಳಬೇಕಾಗಿದ್ದ ಇಬ್ಬರಲ್ಲಿ ಒಬ್ಬರು ಹೋದರು, ಇನ್ನೊಬ್ಬರನ್ನು ನಾನು ಹುಡುಕಲೇ ಇಲ್ಲ.

ಬನ್ನಿಮಂಟಪದ ಆ ಭವನದಲ್ಲಿ ನಾನು ಮೆಷಿನ್ ಮುಂದೆ ನಿಂತದ್ದನ್ನು ನೋಡಿ ಸಂಘದವರಿಗೆ ಹುರುಪು ಬಂತು. "ಫೋಟೋಗೆ ಒಂದು ಲೈನ್ ಹೊಡೀರಿ ಸಾರ್," ಅಂತ ಕೂರಿಸಿಯೇಬಿಟ್ಟರು. ಅರವತ್ತು ವರ್ಷ ತಡವಾಗಿ ಆ ಒಂದು ಸಾಲು ಹೊಡೆದೆ. ಎ ಎಸ್ ಡಿ ಎಫ್, ಎ ಎಸ್ ಡಿ ಎಫ್. ಎಲ್ಲರೂ ಚಪ್ಪಾಳೆ ತಟ್ಟಿದರು. ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಬಗ್ಗಿ ಹಾಳೆ ನೋಡಿದಳು.

"ಸಾರ್, ನಿಮ್ಮ ಎ ಸರಿಯಾಗಿ ಬಿದ್ದೇ ಇಲ್ವಲ್ಲ."

"ಮಿಷಿನ್ ಹಳೇದು ಕಣಮ್ಮ," ಅಂದುಬಿಟ್ಟೆ.

ಅವಳು ನನ್ನ ಜಾಗದಲ್ಲಿ ಕೂತು, ಅದೇ ಸಾಲಿನ ಕೆಳಗೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಎ ಕಪ್ಪಗೆ, ಸ್ಪಷ್ಟವಾಗಿ ಮೂಡಿತು.

"ಮಿಷಿನ್ ಚೆನ್ನಾಗೇ ಇದೆ ಸಾರ್," ಅಂದಳು.

ನಾನು ಎಡಗೈಯನ್ನು ಜೇಬಿಗೆ ಹಾಕಿಕೊಂಡೆ.