ಎಲ್ಲೂ ಇಲ್ಲದ ದೇಶದ ಹೊಂಗೆ ಮರ

ಊಟ ಮಾಡುವಾಗಲೂ ಅವರ ಎಡಗಣ್ಣು ಅರ್ಧ ಮುಚ್ಚಿರುತ್ತಿತ್ತು. ಸರ್ವಿಸ್ಸಿನುದ್ದಕ್ಕೂ ಅಳತೆಯ ದುರ್ಬೀನಿಗೆ ಬಲಗಣ್ಣಿಟ್ಟು ಹೊಲಗಳನ್ನು ನೋಡಿದ ಅಭ್ಯಾಸ ಅದು. ಕನಕಪುರದಲ್ಲಿ ನಮ್ಮ ಪಕ್ಕದ ಮನೆಯವರು, ನಿವೃತ್ತ ಸರ್ವೆಯರ್. ನಮಗೆಲ್ಲ ಅವರು ಸರ್ವೆಯವರು. ಯಾರ ಮನೆಗೆ ಹೋದರೂ ಮೊದಲು ಅಂಗಳದ ಇಳಿಜಾರು ನೋಡುವರು, ಕಾಫಿ ಆಮೇಲೆ. ಬದುವಿನ ಜಗಳ ಹೊತ್ತು ಬಂದವರಿಗೆ ಅವರದು ಒಂದೇ ಮಾತು: "ನಕ್ಷೇಲಿ ಇಲ್ದೇ ಇರೋದು ನೆಲದಲ್ಲೂ ಇಲ್ಲ ಕಣಪ್ಪ."

ಅವರ ಹೆಂಡತಿಯನ್ನು ಸ್ವಂತ ಹೊಲದಲ್ಲಿ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದ್ದರು. ಹಾರೋಹಳ್ಳಿ ಬಸ್ಸಿನಲ್ಲಿ ಹೋಗಿ ಒಂದಿಷ್ಟು ನಡೆದರೆ ಅವರ ಊರು. ನಮ್ಮ ಕಡೆ ಹೊಲವಿದ್ದವರು ಸತ್ತವರನ್ನು ದುಡಿದ ಮಣ್ಣಲ್ಲೇ ಇಡುತ್ತಾರೆ. ಹೆಂಡತಿಯ ಪಕ್ಕದಲ್ಲಿ ಸರ್ವೆಯವರು ತಮಗೂ ಜಾಗ ಬಿಟ್ಟುಕೊಂಡಿದ್ದರು. ಊರವರ ಹೊಲವನ್ನೆಲ್ಲ ಅಳೆದವರು ಆ ಸಮಾಧಿಯನ್ನು ಮಾತ್ರ ನಕ್ಷೆಗೆ ಏರಿಸಿರಲಿಲ್ಲ. ನಮ್ಮ ಹೊಲ, ನಮಗೆ ಗೊತ್ತು ಎಂದುಕೊಂಡಿದ್ದರು.

ಕಾರ್ಖಾನೆಗೆಂದು ಆ ಹೊಲ ಸರ್ಕಾರದ ಭೂಸ್ವಾಧೀನಕ್ಕೆ ಹೋಯಿತು. ಮರವಿರುವ ತುಂಡನ್ನಾದರೂ ಬಿಡಿ ಎಂದು ಕಚೇರಿಗೆ ಅಲೆದರು. ಒಂದು ಸಂಜೆ ಬಂದು ನಮ್ಮ ಜಗಲಿಯ ಮೇಲೆ ಕುಳಿತರು.

"ಏನಂದ್ರು?" ಎಂದೆ.

"ನಕ್ಷೇಲಿ ಸಮಾಧಿ ತೋರ್ಸಿಲ್ಲ, ಬುಡಕ್ಕಾಗಲ್ಲ ಅಂದ್ರು. ಸರಿಯಾಗೇ ಹೇಳವ್ರೆ ಮೇಷ್ಟ್ರೇ. ಆ ಕುರ್ಚೀಲಿ ಕುಂತಿದ್ರೆ ನಾನೂ ಅದನ್ನೇ ಹೇಳ್ತಿದ್ದೆ."

ಆ ದಿನಗಳಲ್ಲೇ ನನ್ನ ಮಗಳು ಕಾಲೇಜಿನಿಂದ ಹೊಸ ಆಟವೊಂದನ್ನು ಕಲಿತು ಬಂದಳು. ಒಬ್ಬರು ಕತೆ ಹೇಳುವುದು. ಉಳಿದವರು ಮಂತ್ರವಾದಿ, ಸಿಪಾಯಿ, ಕಳ್ಳಿ ಎಂದು ವೇಷ ಹಂಚಿಕೊಂಡು ಆ ಕತೆಯ ದೇಶದಲ್ಲಿ ತಿರುಗುವುದು. ಏನಾಗುತ್ತದೆಂದು ದಾಳ ಹೇಳುವುದು. ಅದಕ್ಕೊಂದು ಭೂಪಟ ಬೇಕಿತ್ತು.

"ಸರ್ವೆ ತಾತ, ನಮ್ಗೊಂದು ದೇಶ ಬರ್ಕೊಡಿ."

"ಎಲ್ಲೈತವ್ವ ಆ ದೇಶ?"

"ಎಲ್ಲೂ ಇಲ್ಲ. ನೀವು ಬರುದ್ರೆ ಇರ್ತದೆ."

ಮಾರನೆಯ ಬೆಳಿಗ್ಗೆ ಹಳೆಯ ಸ್ಕೇಲು, ಬಣ್ಣದ ಮಸಿ ಹಿಡಿದು ಬಂದರು. ಮೊದಲು ಹಳ್ಳ, ಕೆರೆ, ಆಮೇಲೆ ಬಂಡಿದಾರಿ. ಬೆಟ್ಟದ ತುದಿಯಲ್ಲಿ ರಾಕ್ಷಸನ ಕೋಟೆ ಬೇಕೆಂದಳು ಮಗಳು.

"ನೀರಿಗೇನ್ ಮಾಡ್ತಾನೆ?"

"ರಾಕ್ಷಸ ತಾತ ಅವ್ನು. ನೀರು ಬೇಡ."

"ಅವ್ನಿಗೆ ಬ್ಯಾಡ. ಅವನ್ ಕುದ್ರೆಗೆ?"

ಕೋಟೆ ಕೆರೆಯ ಪಕ್ಕಕ್ಕೆ ಇಳಿಯಿತು. ಬೆಂಕಿಯುಗುಳುವ ಹಾವಿಗೂ ಗೋಮಾಳ ಸಿಕ್ಕಿತು. ಅದೂ ಒಸಿ ಓಡಾಡಬೇಕಲ್ಲ ಎಂದರು. ಹಲವು ತಿಂಗಳ ಮೇಲೆ ಅವರು ನಕ್ಕಿದ್ದು ಆಗ. ಕೊನೆಗೆ ಕೆರೆಯ ಏರಿಯ ಕೆಳಗೆ ಒಂದು ಮರ ಬರೆದು, ಅದರ ಬುಡದಲ್ಲಿ ಕೆಂಪು ಮಸಿಯಿಂದ ಎರಡು ಪುಟ್ಟ ಚೌಕ ಹಾಕಿದರು. ಹೆಸರು ಬರೆಯಲಿಲ್ಲ. ಮಗಳು ಕೇಳಲೂ ಇಲ್ಲ. ಅವಳಿಗೆ ಗೊತ್ತಿತ್ತು.

ಭಾನುವಾರಗಳಲ್ಲಿ ಮಗಳ ಗೆಳತಿಯರು ಬರುವರು, ನಮ್ಮ ಹಜಾರದಲ್ಲಿ ಆಟ. ಸರ್ವೆಯವರು ಗೋಡೆಗೊರಗಿ ನೋಡುತ್ತಿದ್ದರು. ಒಂದು ಭಾನುವಾರ ಎಂದಿನ ಹೊತ್ತಿಗೇ ಬಂದರು, ಪಂಚೆಯ ಅಂಚಿಗೆಲ್ಲ ಕೆಮ್ಮಣ್ಣು. ಆಟದಲ್ಲಿ ಕಳ್ಳಿಯಾಗಿದ್ದ ಹುಡುಗಿ ಆ ಚೌಕಗಳ ಮೇಲೆ ಬೆರಳಿಟ್ಟಳು.

"ಇಲ್ಲಿ ನಿಧಿ ಐತೆ ಕಣೇ. ಅದ್ಕೇ ಹೆಸರಾಕಿಲ್ಲ. ಅಗೀತೀನಿ."

ದಾಳ ಉರುಳಿತು. ಅಗೆಯಲು ಸಾಕಾಗುವಷ್ಟು ಬಿತ್ತು. ಕತೆ ಹೇಳಬೇಕಾದ ಮಗಳು ಅವರ ಮುಖ ನೋಡಿದಳು.

"ಅಗೀಲಿ ಬುಡವ್ವ," ಎಂದರು. "ಅಲ್ಲೂ ಅಗ್ದಾಯ್ತು."

ಹೊರಗೆ ಕರೆದೊಯ್ದು ಕೇಳಿದೆ. ಬೆಳಿಗ್ಗೆ ಹೊಲಕ್ಕೆ ಹೋಗಿದ್ದರಂತೆ. ಮರವಿಲ್ಲ, ಬದುವಿಲ್ಲ, ನೆಲವೆಲ್ಲ ಮಟ್ಟಸ.

"ಅಲ್ಲೆಲ್ಲೋ ನಿಂತ್ಕಂಡೆ ಮೇಷ್ಟ್ರೇ. ಅವ್ಳು ಎಲ್ಲವ್ಳೆ ಅಂತ ಗೊತ್ತಾಗ್ಲಿಲ್ಲ. ನಂಗೇ ಗೊತ್ತಾಗ್ಲಿಲ್ಲ."

ಆಮೇಲೆ ಅವರು ಸ್ಕೇಲು ಮುಟ್ಟಲಿಲ್ಲ. ಬದುವಿನ ಜಗಳದವರು ಬಂದರೆ ಬೇರೆಯವರ ಹತ್ತಿರ ಹೋಗಿ ಎನ್ನುತ್ತಿದ್ದರು. ಹುಡುಗಿಯರೂ ಆ ದೇಶಕ್ಕೆ ಮತ್ತೆ ಹೋಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಸರ್ವೆಯವರು ತೀರಿಕೊಂಡರು. ಪಟ್ಟಣದ ಸ್ಮಶಾನದಲ್ಲಿ, ಸಾಲಿನಲ್ಲಿ ಖಾಲಿಯಿದ್ದ ಕಡೆ ಮಣ್ಣು ಮಾಡಿದೆವು. ಅಕ್ಕಪಕ್ಕದಲ್ಲಿರುವವರು ಯಾರೆಂದು ನನಗೆ ಗೊತ್ತಿಲ್ಲ. ಭೂಪಟವನ್ನು ಅವರ ಜೊತೆಗೇ ಇಡೋಣವೇ ಎಂದು ಮಗಳು ಕೇಳಿದಳು. ಬೇಡ ಎಂದೆ. ಗಂಡ ಹೆಂಡತಿ ಪಕ್ಕಪಕ್ಕ ಇರುವುದು ಈಗ ಅದರಲ್ಲಿ ಮಾತ್ರ.