ಮಲಕವ್ವ ಕಾಲೇಜು ನೋಡಿ ಬಂದದ್ದು

ಆ ಕಾಲಕ್ಕೆ ನಮ್ಮ ತಿಕೋಂಡಿಯಲ್ಲಿ ಹೆಣ್ಣು ಕೊಡುವವರು ಪಂಚಾಂಗದವರ ಮನೆಗೆ ಹೋಗುವ ಮುಂಚೆ ನನ್ನ ಸೋದರತ್ತೆ ಮಲಕವ್ವನ ಮನೆಗೆ ಹೋಗುತ್ತಿದ್ದರು. ಗಂಡಿನ ಮನೆ ನೋಡಿಬರುವುದು ಅವಳ ಕೆಲಸ. ಸೋನ್ಯಾಳವಿರಲಿ, ಕುಣಿಕೋಣೂರಿರಲಿ, ಹೇಳದೆ ಕೇಳದೆ ಹೋಗಿ ಬಾಗಿಲಲ್ಲಿ ನಿಂತು “ಒಂದೀಟ ನೀರ ಕೊಡ್ರೆವ್ವಾ” ಅನ್ನುತ್ತಿದ್ದಳು. ನೀರು ಕುಡಿಯುವ ನೆಪದಲ್ಲಿ ತಂಬಿಗೆಯ ತಳ ನೋಡುತ್ತಿದ್ದಳು. ಬಚ್ಚಲು ನೋಡುತ್ತಿದ್ದಳು, ಒಲೆಯ ಬೂದಿ ನೋಡುತ್ತಿದ್ದಳು, ಆ ಮನೆಗೆ ಮೊದಲೇ ಬಂದಿದ್ದ ಸೊಸೆಯರ ಮುಖ ನೋಡುತ್ತಿದ್ದಳು. ಗಂಡನ್ನು ಕಟ್ಟಕಡೆಗೆ, ಹೊತ್ತು ಉಳಿದಿದ್ದರೆ ನೋಡುತ್ತಿದ್ದಳು. ಅವಳು ಬೇಡವೆಂದ ಮನೆಗೆ ನಮ್ಮೂರ ಹೆಣ್ಣು ಹೋದದ್ದಿಲ್ಲ. ಲಗ್ನದ ಕಾಲ ಬಂತೆಂದರೆ ಸುತ್ತಲ ಹಳ್ಳಿಗಳಲ್ಲಿ ಗಂಡುಮಕ್ಕಳ ತಾಯಂದಿರು ಅವಳ ಬಾಯಿಗೆ ಹೆದರಿ ದಿನಾ ತಂಬಿಗೆ ಬೆಳಗುತ್ತಿದ್ದರು.

ಅವಳನ್ನು ಕೊಡುವಾಗ ಮಾತ್ರ ಯಾರೂ ಮನೆ ನೋಡಿರಲಿಲ್ಲ. ಊರೊಳಗಿನ ಸಂಬಂಧ, ನೋಡುವುದೇನಿದೆ ಎಂದುಕೊಂಡು ಏನೂ ತಿಳಿಯದ ವಯಸ್ಸಿನಲ್ಲೇ ಕೊಟ್ಟುಬಿಟ್ಟಿದ್ದರು. ಅವಳ ಅತ್ತೆ ಬದುಕಿದ್ದಷ್ಟು ಕಾಲ ಇವಳು ಹೊಟ್ಟೆತುಂಬ ಉಂಡದ್ದು ತವರಿಗೆ ಬಂದಾಗ ಮಾತ್ರ. ಇದನ್ನು ನನ್ನವ್ವ ಹೇಳಿದ್ದಳೇ ಹೊರತು ಮಲಕವ್ವ ಒಂದು ದಿನವೂ ಆಡಿದವಳಲ್ಲ. ಗಂಡ ಸಾತಪ್ಪ ಬಾಯಿ ತೆರೆಯುವ ಮುಂಚೆ ಹೆಂಡತಿಯ ಮುಖ ನೋಡಿ, ನೋಡಿದ ಮೇಲೆ ಬಾಯಿ ಮುಚ್ಚಿಕೊಳ್ಳುವ ಮನುಷ್ಯ. ಮಗ ಸೋಮನಿಂಗಪ್ಪನೂ ಹಾಗೆಯೇ ಬೆಳೆದಿದ್ದ.

ಈ ಸೋಮನಿಂಗಪ್ಪನಿಗೆ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಮ್ಮ ಕಡೆ ಸೋದರತ್ತೆಗೆ ತಮ್ಮನ ಮಗಳ ಮೇಲೆ ಇರುವ ಹಕ್ಕನ್ನು ಕೋರ್ಟೂ ಪ್ರಶ್ನಿಸದು. ಆದರೆ ೧೯೫೬ರಲ್ಲಿ ನಾನು ಜತ್ತದ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಪಾಸಾಗಿ ಕೂತೆ. ಗಣಿತ ಕಲಿಸುತ್ತಿದ್ದ ದಸ್ತಗೀರ ಮಾಸ್ತರರು ಸೀದಾ ನಮ್ಮ ಮನೆಗೇ ಬಂದು, “ಶಂಕರೆಪ್ಪಾರ, ಗೌರವ್ವನ್ನ ಕಾಲೇಜಿಗಿ ಕಳಸ್ರಿ” ಎಂದು ನನ್ನಪ್ಪನ ಎದುರು ಕುಳಿತುಬಿಟ್ಟರು. ಸಾಂಗ್ಲಿ ಕಡೆಯದೊಂದು, ಸೊಲ್ಲಾಪುರ ಕಡೆಯದೊಂದು, ವಿಜಾಪುರ ಕಡೆಯದೊಂದು, ಹೀಗೆ ಮೂರು ಕಾಲೇಜು ಹೇಳಿದರು. ಯಾವುದು ಪುಣೆ ವಿದ್ಯಾಪೀಠಕ್ಕೆ ಸೇರಿದ್ದು, ಯಾವುದು ಧಾರವಾಡದ್ದು, ಎಲ್ಲಿ ಗಣಿತಕ್ಕೆ ಒಳ್ಳೆಯ ಪ್ರೊಫೆಸರರು ಇದ್ದಾರೆ, ಎಲ್ಲಿ ಹುಡುಗಿಯರಿಗೆ ವಸತಿಗೃಹವಿದೆ ಎಂದೆಲ್ಲ ಬಿಡಿಸಿ ಹೇಳಿದರು. ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದೆ.

ನನ್ನಪ್ಪನಿಗೆ ಅಕ್ಕನಿಗೂ ಇಲ್ಲವೆನ್ನಲು ಆಗದು, ಮಾಸ್ತರರಿಗೂ ಇಲ್ಲವೆನ್ನಲು ಆಗದು. ಕೊನೆಗೆ, “ಕಂಡ ಕಂಡ ಮನಿಗಿ ಹೆಣ್ಣ ಕೊಡೂದಿಲ್ಲ, ಕಂಡ ಕಂಡ ಕಾಲೇಜಿಗಿ ಹೆಂಗ ಕಳಸೂದ್ರಿ? ಅಕ್ಕ ಹೋಗಿ ನೋಡಿ ಬರಲಿ. ಒಂದರ ಆಕಿ ಮನಸಿಗಿ ಬಂದರ ಕಾಲೇಜು. ಬರಲಿಲ್ಲಂದ್ರ ಈ ವರ್ಷನ ಸೋಮನಿಂಗನ ಜೋಡಿ ಲಗ್ನ” ಅಂದ. ನನ್ನನ್ನು ಸೊಸೆ ಮಾಡಿಕೊಳ್ಳಲು ಕಾದು ಕುಳಿತವಳನ್ನೇ ಕಾಲೇಜು ನೋಡಲು ಕಳಿಸಿದ ಈ ಪುಣ್ಯಾತ್ಮನ ಬುದ್ಧಿಗೆ ಏನು ಹೇಳಲಿ! ಆ ದಿನ ನಾನು ಊಟ ಬಿಟ್ಟೆ. ಯಾರೂ ಗಮನಿಸದ ಕಾರಣ ಮರುದಿನ ಮತ್ತೆ ಉಂಡೆ.

ಮಾಸ್ತರರು ಮಲಕವ್ವನ ಜೊತೆ ಹೊರಟರು. ನಾನೂ ಬರುತ್ತೇನೆಂದರೆ, “ಮನಿ ನೋಡಾಕ ಹೋಗೂ ಮುಂದ ಹೆಣ್ಣ ಕರಕೊಂಡ ಹೋಗತಾರೇನ? ಗರಜಿನವರು, ಬ್ಯಾರೆ ಗತಿ ಇಲ್ಲದವರು ಅಂತ ತಿಳಕೋತಾರ” ಎಂದು ಮಲಕವ್ವ ಗದರಿಸಿದಳು. ಹೀಗಾಗಿ ಮುಂದಿನದೆಲ್ಲ ಮಾಸ್ತರರು ನನಗೆ ಹೇಳಿದ್ದು. ಕಾಲೇಜುಗಳ ಹೆಸರು ನಾನು ಹೇಳುವುದಿಲ್ಲ. ಅಲ್ಲಿ ಓದಿದವರು ಇನ್ನೂ ಇದ್ದಾರೆ, ಜಗಳಕ್ಕೆ ಬಂದಾರು.

ಬಸ್ಸಿನಲ್ಲಿ ಮಾಸ್ತರರು ಆ ಕಾಲೇಜುಗಳ ಪರೀಕ್ಷೆಯ ಫಲಿತಾಂಶದ ಮಾತು ತೆಗೆದರಂತೆ. “ಅದು ಕಾಲೇಜಿನವರು ತಮ್ಮ ಬಗ್ಗೆ ತಾವ ಹೇಳಿಕೊಂಡದ್ದಲ್ಲೇನ್ರಿ? ಗಂಡಿನ ಕಡಿಯವರ ಮಾತ ಕೇಳಿ ಯಾರರ ಹೆಣ್ಣ ಕೊಡತಾರೇನ?” ಎಂದು ಮಲಕವ್ವ ಅಲ್ಲಿಗೇ ಆ ಮಾತು ಮುಗಿಸಿದಳು.

ಸಾಂಗ್ಲಿ ಕಡೆಯ ಕಾಲೇಜು ಕಲ್ಲಿನ ಕಟ್ಟಡ. ಬಾಗಿಲಲ್ಲಿ ನಿಂತು ಮಲಕವ್ವ ಮರಾಠಿಯಲ್ಲಿ ನೀರು ಕೇಳಿದಳು. ಬಾಗಿಲು ಕಾಯುತ್ತಿದ್ದ ಪಟ್ಟೆವಾಲಾ ಅಂಗಳದ ನಳದ ಕಡೆ ಕೈ ತೋರಿಸಿದ. ಅಲ್ಲಿಗೇ ಅರ್ಧ ಕಥೆ ಮುಗಿದಿತ್ತು. ಹೇಗಾದರೂ ಮನಸ್ಸು ತಿರುಗಿಸಬೇಕೆಂದು ಮಾಸ್ತರರು ಅವಳನ್ನು ಗ್ರಂಥಾಲಯಕ್ಕೆ ಕರೆದೊಯ್ದರು. ಅವಳು ಕಪಾಟಿನ ಮೇಲೆ ಬೆರಳಾಡಿಸಿ, ಬೆರಳನ್ನು ಮಾಸ್ತರರ ಮೂಗಿನ ಮುಂದೆ ಹಿಡಿದಳು. “ಇಷ್ಟ ಪುಸ್ತಕ ಅದಾವ, ಒರಸವರ ಒಬ್ಬರೂ ಇಲ್ಲ. ಓದವರ ಎಲ್ಲಿಂದ ಬರಬೇಕ್ರಿ?” ಮಾಸ್ತರರಿಗೆ ತಮ್ಮ ಶಾಲೆಯ ಕಪಾಟಿನ ನೆನಪಾಯಿತಂತೆ.

ಸೊಲ್ಲಾಪುರ ಕಡೆಯದು ಚೊಕ್ಕಟವಾಗಿತ್ತು. ವಸತಿಗೃಹದ ಮೇಲ್ವಿಚಾರಕಿ ಚಹಾ ಕೂಡ ಕೊಟ್ಟಳು. ಮಲಕವ್ವ ಅಲ್ಲಿನ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಊಟ ಹೇಗೆಂದು ಕೇಳಿದಳು. ಎಲ್ಲರೂ ಒಟ್ಟಿಗೇ “ಭಾಳ ಚಲೋ ಐತ್ರಿ” ಅಂದರು. ಮಾಸ್ತರರಿಗೆ ಖುಷಿಯಾಯಿತು. ಹೊರಗೆ ಬಂದ ಕೂಡಲೇ ಮಲಕವ್ವ, “ಇದೂ ಬ್ಯಾಡ. ಇಷ್ಟ ಮಂದಿ ಒಂದ ಉಸರಿನ್ಯಾಗ ಚಲೋ ಅಂದ್ರ ಹೆದರ್ಯಾವ ಅಂತ ತಿಳೀರಿ. ಒಬ್ಬಾಕಿನರ ಬಯ್ಯಬೇಕಾಗಿತ್ತು” ಅಂದಳು.

ಎರಡೂ ಬೇಡವಾದ ಸುದ್ದಿ ಊರಿಗೆ ಬಂದಾಗ ನನ್ನವ್ವ ಲಗ್ನದ ಹಪ್ಪಳಕ್ಕೆ ಉದ್ದು ಬೀಸಲು ಕೂತಳು. ಸೋಮನಿಂಗಪ್ಪ ತಲೆಗೆ ಸುತ್ತಲು ಹೊಸ ಪಟಗಾ ಕೊಂಡ. ನನಗೆ ಅವನ ಮೇಲೆ ಸಿಟ್ಟೇನೂ ಇರಲಿಲ್ಲ, ಆ ಪಟಗಾದ ಮೇಲೆ ಮಾತ್ರ ವಿಪರೀತ ಸಿಟ್ಟು ಬಂತು.

ವಿಜಾಪುರ ಕಡೆಯ ಕಾಲೇಜಿನ ವಸತಿಗೃಹದಲ್ಲಿ ನೀರು ತಂದವಳು ಮೇಲ್ವಿಚಾರಕಿ ಇಂದ್ರಾಬಾಯಿಯೇ. ದಪ್ಪ ಕನ್ನಡಕದ ವಯಸ್ಸಾದ ಹೆಂಗಸು. ತಂಬಿಗೆಯ ತಳದಲ್ಲಿ ಮುಖ ಕಾಣುತ್ತಿತ್ತು. ಊಟದ ಮಾತು ಕೇಳಿದ್ದೇ ತಡ, ಹುಡುಗಿಯೊಬ್ಬಳು ಇಂದ್ರಾಬಾಯಿಯ ಎದುರಿಗೇ, “ಸಾರಿನ್ಯಾಗ ಬ್ಯಾಳಿ ಹುಡಕಬೇಕಾದ್ರ ಕಂದೀಲ ಬೇಕ್ರಿ” ಅಂದಳು. ಎಲ್ಲರೂ ನಕ್ಕರು, ಇಂದ್ರಾಬಾಯಿಯೂ ನಕ್ಕಳು. ಮಲಕವ್ವನಿಗೆ ಮನೆ ಮನಸ್ಸಿಗೆ ಬಂದುಬಿಟ್ಟಿತು. ಆದರೆ ಹೆಣ್ಣಿನ ಕಡೆಯವರು ಅದನ್ನು ಮುಖದ ಮೇಲೆ ತೋರಿಸಬಾರದು. “ನೋಡೂಣ್ರಿ, ಇನ್ನ ಎರಡ ಕಡಿ ಮಾತ ನಡದಾವ” ಅಂದಳು.

ಇಂದ್ರಾಬಾಯಿ, “ಜಾಗಾನ ಇಲ್ಲಲ್ಲರಿ ಅವ್ವಾರ. ಹುಡಿಗ್ಯಾರ ಇರೂ ಕೋಲಿ ಎಲ್ಲಾ ತುಂಬ್ಯಾವ. ಹೆಸರ ಹೇಳಿ ಹೋಗ್ರಿ, ಹಿಂದಾಗಡೆ ತಿಳಸತೀವಿ” ಅಂದಳು.

ಹಿಂದಾಗಡೆ ತಿಳಸತೀವಿ! ನಮ್ಮ ಕಡೆ ಗಂಡಿನವರು ಹೆಣ್ಣು ಬೇಡವೆಂದು ಬಾಯಿಬಿಟ್ಟು ಹೇಳುವುದಿಲ್ಲ, ಹೀಗೆ ಹೇಳಿ ಕಳಿಸುತ್ತಾರೆ. ಮಲಕವ್ವನ ಮುಖ ಕೆಂಪಗಾಯಿತು. “ತಿಳಸತೀರಿ? ನಮ್ಮ ಮನಿ ಹೆಣ್ಣಿಗಿ ಈತನಕ ಯಾರೂ ಹಿಂಗ ಅಂದಿಲ್ಲ. ಏನ ಐಬ ಕಂಡ್ರಿ ನಮ್ಮ ಹುಡಿಗ್ಯಾಗ?” ಎಂದು ಅಲ್ಲೇ ನೆಲದ ಮೇಲೆ ಕುಳಿತಳು. ಮಾಸ್ತರರು ಏಳಿಸಲು ನೋಡಿದರೂ ಏಳಲಿಲ್ಲ. ನಾನು ಬಡಿದ ರೊಟ್ಟಿ ಕಾಗದದಂತೆ ತೆಳ್ಳಗಿರುತ್ತದೆಂದಳು. ಹಿರಿಯರ ಎದುರು ನಾನು ತಲೆ ಎತ್ತುವವಳಲ್ಲ ಎಂದಳು. ಎರಡೂ ಅಪ್ಪಟ ಸುಳ್ಳು.

“ರೊಟ್ಟಿ ಬ್ಯಾಡ್ರಿ ನನಗ, ಅಭ್ಯಾಸದಾಗ ಹೆಂಗದಾಳ?” ಎಂದು ಇಂದ್ರಾಬಾಯಿ ಕೇಳಿದಳು. ಮಲಕವ್ವ ಮಾಸ್ತರರ ಕಡೆ ತಿರುಗಿದಳು. “ಗಣಿತದಾಗ ಸಾಲಿಗೇ ಮದಲನೇ ನಂಬರ ಬಂದಾಳ್ರಿ” ಎಂದರು ಅವರು.

“ಹೌದೇನ್ರಿ?” ಎಂದು ಬೆರಗಾದವಳು ಮಲಕವ್ವ! “ಇದನ್ನ ಮದಲ ಹೇಳಬಾರದೇನ ಮಾಸ್ತರ? ಸುಮ್ಮನ ರೊಟ್ಟಿ ಬಡಕೋತ ಕುಂತಿದ್ನೆಲ್ಲ!”

ಇಂದ್ರಾಬಾಯಿ ನಗು ತಡೆದುಕೊಂಡು, “ನನ್ನ ಕೋಲಿ ಬಾಜೂಕ ಸಾಮಾನ ಇಡೂ ಸಣ್ಣ ಕೋಲಿ ಐತಿ. ಅದರಾಗ ಇರತಾಳಂದ್ರ ಕಳಸ್ರಿ” ಅಂದಳು. ಆ ಮಾತು ಮುಗಿಯುವುದರೊಳಗೆ ಮಲಕವ್ವ ಸೀರೆಯ ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಸಕ್ಕರೆಯನ್ನು ಆಕೆಯ ಬಾಯಿಗೆ ಹಾಕಿಯೇಬಿಟ್ಟಳು. ಒಪ್ಪಿದ ಮನೆಯಲ್ಲಿ ಅವಳು ಯಾವಾಗಲೂ ಹೀಗೆಯೇ ಮಾಡುತ್ತಿದ್ದಳು. ಸಕ್ಕರೆ ತಿಂದರೆ ನಿಶ್ಚಯವಾದಂತೆ, ಆಮೇಲೆ ಎರಡೂ ಕಡೆಯವರು ಮಾತು ತಪ್ಪುವಂತಿಲ್ಲ. ಇದೊಂದೂ ಗೊತ್ತಿಲ್ಲದ ಇಂದ್ರಾಬಾಯಿ ಮರ್ಯಾದೆಗೆ ಸಕ್ಕರೆ ನುಂಗಿದಳು. ಮಾಸ್ತರರು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದರಂತೆ.

ಊರಿಗೆ ಬಂದು ಮಲಕವ್ವ, “ಶಂಕ್ರ್ಯಾ, ಗೌರಿನ್ನ ಕೊಟ್ಟ ಬಂದೀನಿ” ಅಂದಳು. ಅಪ್ಪ ಗಾಬರಿಯಾದ. ಇನ್ನೇನು ರಾಜ್ಯಗಳ ಗಡಿ ಬದಲಾಗುತ್ತದೆ, ಆ ಊರು ಮೈಸೂರು ರಾಜ್ಯಕ್ಕೆ ಹೋಗುತ್ತದೆ, ನಾವು ಮುಂಬಯಿ ಕಡೆಗೇ ಉಳಿಯುತ್ತೇವೆ ಎಂದು ತೊದಲಿದ.

“ಹೋಗಲೇಳ. ರಾಜ್ಯ ಬ್ಯಾರೆ ಆದರ ನುಂಗಿದ ಸಕ್ಕರಿ ಹೊರಗ ಬರತೈತೇನ?”

“ಮತ್ತ ಸೋಮನಿಂಗ?” ಎಂದು ಅಪ್ಪ ಮೆಲ್ಲಗೆ ಕೇಳಿದ. ಅವಳು ಸೆರಗು ಕೊಡವಿ ಎದ್ದು ಹೋದಳು. ತನ್ನ ಹಟಕ್ಕೆ ತಾನೇ ಸಿಕ್ಕಿಬಿದ್ದಳು ಎಂದು ಊರೆಲ್ಲ ನಕ್ಕಿತು. ನಾನೂ ಹಾಗೆಯೇ ತಿಳಿದು ಒಳಗೊಳಗೇ ಕುಣಿದೆ. ಸೋಮನಿಂಗಪ್ಪನ ಪಟಗಾ ವ್ಯರ್ಥವಾಗಲಿಲ್ಲ, ಮರುವರ್ಷ ಅದನ್ನೇ ಸುತ್ತಿಕೊಂಡು ಕುಣಿಕೋಣೂರಿನ ಹುಡುಗಿಗೆ ತಾಳಿ ಕಟ್ಟಿದ.

ನಾನು ಹೊರಡುವ ದಿನ ಮಲಕವ್ವ ಗಂಡನ ಮನೆಗೆ ಕಳಿಸುವವರಂತೆಯೇ ನನ್ನ ಉಡಿ ತುಂಬಿದಳು. ಬಸ್ಸಿನ ತನಕ ಟ್ರಂಕು ತಾನೇ ಹೊತ್ತು ತಂದಳು, ಕಂಡಕ್ಟರನ ಜೊತೆ ಜಗಳವಾಡಿ ಕಿಟಕಿಯ ಜಾಗ ಕೊಡಿಸಿದಳು. ಆಮೇಲೆ ಒಮ್ಮೆಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ನನಗೆ ತಡೆಯಲಾಗಲಿಲ್ಲ. “ಮಲಕತ್ತಿ, ಖರೇ ಹೇಳು. ಇದೂ ಬ್ಯಾಡ ಅಂದಿದ್ರ ನಾನು ನಿನ್ನ ಮನಿಗೇ ಬರತಿದ್ನೆಲ್ಲ? ಯಾಕ ಅನಲಿಲ್ಲ?” ಎಂದು ಕೇಳಿದೆ.

ಅವಳು ಮೂಗು ಒರೆಸಿಕೊಂಡು ಕಿಟಕಿಯ ಹತ್ತಿರ ಬಂದಳು.

“ಆ ಮನೀನೂ ನೋಡೀನಿ ಗೌರಾ. ಹುಡುಗ ಚಲೋ ಅದಾನ. ಹೊಲ ಐತಿ, ಬಾವ್ಯಾಗ ನೀರ ಐತಿ. ಆದರ ಹುಡುಗನ ತಾಯಿ ಚಲೋ ಇಲ್ಲ. ಆಕಿ ಎದರಿಗಿ ಯಾರೂ ಬಾಯಿ ಬಿಡೂದಿಲ್ಲ.”

ಹಾಗೇನಿಲ್ಲ ಮಲಕತ್ತಿ ಎಂದು ಹೇಳಲು ಬಾಯಿ ತೆರೆದೆ. ಆದರೆ ಅವಳು ಹೇಳಿದ್ದು ನಿಜವಿತ್ತು, ಸುಳ್ಳು ಹೇಳಿದರೆ ಅವಳಿಗೆ ತಕ್ಷಣ ತಿಳಿಯುತ್ತಿತ್ತು. ಕಿಟಕಿಯಿಂದ ಕೈ ಚಾಚಿ ಅವಳ ಕೈ ಹಿಡಿದುಕೊಂಡೆ. ಬಸ್ಸು ಹೊರಟ ಮೇಲೂ ಅವಳು ಕೈ ಬಿಡದೆ ಪಕ್ಕದಲ್ಲಿ ಸ್ವಲ್ಪ ದೂರ ಓಡಿಬಂದಳು.